ಕೆಲಸ ಮುಗಿದ ಸೋರ್ಸ್‌ಗೆ ಕಾವಲು ಯಾರು?

(ವಿಜ್ಞಾನ ವಿದ್ಯಾರ್ಥಿಗಳು, ಆಸ್ಪತ್ರೆ ತಂತ್ರಜ್ಞರು ಮತ್ತು ಕೇಳೋಣ ಎಂದು ಬಂದಿದ್ದ ಊರವರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಕೊನೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಅಣುತ್ಯಾಜ್ಯ ಅಂದ ಕೂಡಲೇ ನಾವು ಕೇಳುವ ಪ್ರಶ್ನೆಗಳು ಗೊತ್ತೇ ಇವೆ. ಸೋರಿದರೆ? ನೀರಿಗೆ ಸೇರಿದರೆ? ಮಣ್ಣಿಗೆ ಇಳಿದರೆ? ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಇವತ್ತು ನಾನು ಮಾತಾಡುವುದು ಇನ್ನೊಂದರ ಬಗ್ಗೆ. ತ್ಯಾಜ್ಯ ತಾನಾಗಿ ಹೊರಗೆ ಬರುವುದಲ್ಲ, ಯಾರೋ ಒಳಗೆ ಹೋಗಿ ಅದನ್ನು ಎತ್ತಿಕೊಂಡು ಬರುವುದು. ಇದರ ಬಗ್ಗೆ ನಮ್ಮಲ್ಲಿ ಮಾತು ತೀರಾ ಕಡಿಮೆ.

ಎಸ್ಟೋನಿಯಾದಿಂದ ಶುರು ಮಾಡುತ್ತೇನೆ. ಸೋವಿಯತ್ ಒಕ್ಕೂಟದಿಂದ ಬಿಡುಗಡೆಯಾಗಿ ಮೂರು ವರ್ಷ ಆಗಿತ್ತು ಅಷ್ಟೇ. ರಾಜಧಾನಿ ಟ್ಯಾಲಿನ್‌ನ ದಕ್ಷಿಣಕ್ಕೆ ತಾಮ್ಮಿಕು ಎಂಬಲ್ಲಿ ಆ ದೇಶದ ವಿಕಿರಣಶೀಲ ತ್ಯಾಜ್ಯದ ಉಗ್ರಾಣ. 1994ರ ಅಕ್ಟೋಬರ್ 21ರಂದು ಮೂವರು ಅಣ್ಣತಮ್ಮಂದಿರು ಅದರೊಳಗೆ ನುಗ್ಗಿದರು. ಅವರಿಗೆ ಬೇಕಾಗಿದ್ದು ಮಾರಲು ಒಂದಿಷ್ಟು ಲೋಹ. ಒಂದು ಲೋಹದ ಡಬ್ಬಿ ಎತ್ತಿದರು. ಅದರೊಳಗಿನ ಸಣ್ಣ ಕಡ್ಡಿಯಂಥ ವಸ್ತುವನ್ನು ಒಬ್ಬ ಕೋಟಿನ ಜೇಬಿಗೆ ಹಾಕಿಕೊಂಡು ಮನೆಗೆ ಹೋದ. ಅದು ಸೀಸಿಯಂ-137, ವಿಕಿರಣ ಸೂಸುವ ವಸ್ತು. ಬಳಕೆಗೆಂದು ತಯಾರಿಸಿದ ಇಂಥ ವಿಕಿರಣ ತುಂಡಿಗೆ ಸೋರ್ಸ್ ಎನ್ನುತ್ತಾರೆ. ನವೆಂಬರ್ 2ಕ್ಕೆ ಆತ ಆಸ್ಪತ್ರೆಯಲ್ಲಿ ತೀರಿಕೊಂಡ. ಏಟು ಬಿದ್ದು ಕಿಡ್ನಿ ಕೆಟ್ಟಿದೆ ಎಂದು ವೈದ್ಯರು ತಿಳಿದರು. ಸೋರ್ಸ್ ಮಾತ್ರ ಮನೆಯಲ್ಲೇ ಉಳಿಯಿತು, ಅದೂ ಅಡುಗೆಮನೆಯಲ್ಲಿ, ಹತ್ಯಾರಗಳ ಜೊತೆ. ಹಾಗೆ ಇಟ್ಟವನು ಆತನ ಹೆಂಡತಿಯ ಮಗ, ಇನ್ನೂ ಹುಡುಗ. ಅವನ ಕೈ ಸುಟ್ಟ ಗಾಯ ನೋಡಿದ ವೈದ್ಯರೊಬ್ಬರಿಗೆ, ಇದು ಬೆಂಕಿಯದಲ್ಲ, ರೇಡಿಯೇಷನ್‌ನದು ಎಂದು ಹೊಳೆದದ್ದು ನವೆಂಬರ್ 17ಕ್ಕೆ.

ಲೆಕ್ಕ ಹಾಕಿ. ಕಳ್ಳತನದಿಂದ ಪತ್ತೆಯವರೆಗೆ 27 ದಿನ. ಪತ್ತೆ ಮಾಡಿದ್ದು ಉಗ್ರಾಣದ ಕಾವಲುಗಾರನಲ್ಲ, ಅಲಾರಂ ಅಲ್ಲ, ರಿಜಿಸ್ಟರ್ ಅಲ್ಲ. ಆಸ್ಪತ್ರೆಯ ಒಬ್ಬ ವೈದ್ಯ. ಈ ವಿಷಯದಲ್ಲಿ ನಾನು ಓದಿದ ಪ್ರಕರಣಗಳಲ್ಲಿ ಜಾಸ್ತಿ ಪಾಲು ಹೀಗೇ ಬಯಲಾಗಿವೆ: ಮೊದಲು ಒಂದು ಗಾಯ ಅಥವಾ ಸಾವು, ಆಮೇಲೆ ಅನುಮಾನ, ಆಮೇಲೆ ಹುಡುಕಾಟ.

ಕಾವಲು ಅಂದರೆ ಬೇಲಿ, ಗೋಡೆ, ಬೀಗ ಎಂದು ನಾವು ಅಂದುಕೊಳ್ಳುತ್ತೇವೆ. ಈ ಕ್ಷೇತ್ರದವರು ಮೂರು ಸಂಗತಿಯನ್ನು ಒಟ್ಟಿಗೆ ನೋಡುತ್ತಾರೆ. ಯಾರೋ ಬಂದದ್ದು ಗೊತ್ತಾಗಬೇಕು. ಬಂದವರು ಮುಂದೆ ಹೋಗದಂತೆ ತಡವಾಗಬೇಕು. ಆ ತಡದೊಳಗೆ ತಡೆಯುವವರು ಬಂದು ಮುಟ್ಟಬೇಕು. ಒಂದು ಉದಾಹರಣೆ ಮಾಡಿ ನೋಡೋಣ. ಹೊರಗಿನ ಬೇಲಿ ಕತ್ತರಿಸಲು ಕಳ್ಳನಿಗೆ ಎರಡು ನಿಮಿಷ, ಕಬ್ಬಿಣದ ಬಾಗಿಲಿಗೆ ಎಂಟು, ಒಳಗಿನ ಪೆಟ್ಟಿಗೆ ಬಿಚ್ಚಲು ಐದು ನಿಮಿಷ ಬೇಕು ಅಂತಿಟ್ಟುಕೊಳ್ಳಿ. ಪೊಲೀಸರು ಬರಲು ಹನ್ನೆರಡು ನಿಮಿಷ. ಬೇಲಿ ಮುಟ್ಟಿದಾಗಲೇ ಅಲಾರಂ ಹೊಡೆದರೆ ಕಳ್ಳ ಸಿಕ್ಕಿಬೀಳುತ್ತಾನೆ. ಅದೇ ಅಲಾರಂ ಒಳಗಿನ ಪೆಟ್ಟಿಗೆಗೆ ಮಾತ್ರ ಇದ್ದರೆ? ಬೇಲಿ ಮತ್ತು ಬಾಗಿಲಿನ ಹತ್ತು ನಿಮಿಷ ಲೆಕ್ಕಕ್ಕೇ ಬರುವುದಿಲ್ಲ, ಯಾಕೆಂದರೆ ಆ ಹತ್ತು ನಿಮಿಷ ಕಳೆದದ್ದು ಯಾರಿಗೂ ಗೊತ್ತಿಲ್ಲ. ಗೋಡೆ ಎಷ್ಟು ದಪ್ಪ ಎಂದು ಕೇಳುವುದಕ್ಕಿಂತ ಮೊದಲ ಅಲಾರಂ ಎಲ್ಲಿದೆ, ಅದು ಹೊಡೆದಾಗ ಯಾರು ಏಳುತ್ತಾರೆ ಎಂದು ಕೇಳಬೇಕು.

ಆ ಏಳುವ ವಿಷಯಕ್ಕೆ ಅಮೆರಿಕದ ಓಕ್ ರಿಡ್ಜ್‌ನಲ್ಲಿ ನಡೆದದ್ದನ್ನು ಹೇಳಲೇಬೇಕು. ಅದು ತ್ಯಾಜ್ಯದ ಉಗ್ರಾಣ ಅಲ್ಲ, ಅದಕ್ಕಿಂತ ಜಾಸ್ತಿ ಕಾವಲಿರಬೇಕಾದ ಜಾಗ. ಹೆಸರು ವೈ-12, ಬಾಂಬಿಗೆ ಬಳಸುವಂಥ ಯುರೇನಿಯಂ ಇಡುವ ಕಟ್ಟಡ ಅಲ್ಲಿದೆ. 2012ರ ಜುಲೈ 28ರ ನಸುಕಿನಲ್ಲಿ ಮೂವರು ಅಣ್ವಸ್ತ್ರ ವಿರೋಧಿ ಹೋರಾಟಗಾರರು ಬೇಲಿಗಳನ್ನು ಕತ್ತರಿಸಿಕೊಂಡು ಆ ಕಟ್ಟಡದ ಗೋಡೆಯವರೆಗೂ ನಡೆದು ಹೋದರು. ಅವರಲ್ಲಿ ಒಬ್ಬರು ಮೇಗನ್ ರೈಸ್, 82 ವರ್ಷದ ಕ್ರೈಸ್ತ ಸನ್ಯಾಸಿನಿ. ಗೋಡೆಯ ಮೇಲೆ ಬರೆದರು, ಸುತ್ತಿಗೆಯಿಂದ ಹೊಡೆದರು. ಒಳಗಿದ್ದ ಕಾವಲುಗಾರರಿಗೆ ಆ ಸದ್ದು ಕೇಳಿಸಿತ್ತು. ರಿಪೇರಿಯವರಿರಬೇಕು ಅಂದುಕೊಂಡರು! ಅಲಾರಂಗಳು ಹೊಡೆದಿದ್ದವು. ದಿನಾ ಸುಳ್ಳು ಅಲಾರಂ ಕೇಳಿ ಕೇಳಿ ಅವುಗಳಿಗೆ ಬೆಲೆ ಇರಲಿಲ್ಲ. ಕೆಟ್ಟು ತಿಂಗಳುಗಟ್ಟಲೆ ಆದರೂ ರಿಪೇರಿ ಮಾಡದ ಕ್ಯಾಮೆರಾ ಇತ್ತು. ಅಷ್ಟು ದುಡ್ಡಿರುವ ದೇಶದಲ್ಲಿ, ಅಷ್ಟು ಮುಖ್ಯವಾದ ಜಾಗದಲ್ಲಿ ಹೀಗೆ. ಕ್ಯಾಮೆರಾ ಕೊಳ್ಳುವ ದಿನ ಎಲ್ಲರೂ ಇರುತ್ತಾರೆ, ಅದು ಕೆಟ್ಟ ದಿನ ರಿಪೇರಿಗೆ ಕೊಡುವವರು ಬೇಕು. ಕಾವಲಿನ ಬಹುಪಾಲು ಕೆಲಸ ಇಂಥ ಬೇಸರ ತರಿಸುವ ಕೆಲಸವೇ.

ಬೇಲಿ ಗೀಲಿ ಎಲ್ಲ ಹೊರಗಿನವರಿಗೆ. ಒಳಗಿನವರಿಗೆ? ಇಲ್ಲಿ ನಮ್ಮ ಕೈಗಾ ಬರುತ್ತದೆ. 2009ರ ನವೆಂಬರ್ ಕೊನೆಯಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರದ ಕಾರ್ಮಿಕರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಜಲಜನಕ, ಹೆಚ್ಚಾಗಿ ಕಂಡಿತು. ಐವತ್ತರ ಆಸುಪಾಸು ಜನ. ಹುಡುಕುತ್ತಾ ಹೋದಾಗ ಅವರೆಲ್ಲ ಒಂದೇ ಕುಡಿಯುವ ನೀರಿನ ಕೂಲರ್‌ನಿಂದ ನೀರು ಕುಡಿದಿದ್ದರು. ರಿಯಾಕ್ಟರ್‌ನಲ್ಲಿ ಬಳಸುವ, ಟ್ರಿಟಿಯಂ ಇರುವ ಭಾರಜಲವನ್ನು ಯಾರೋ ಬೇಕೆಂದೇ ಅದಕ್ಕೆ ಸೇರಿಸಿದ್ದರು. ಆಗ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರ್ ಅವರೇ ಇದು ಕಿಡಿಗೇಡಿ ಕೃತ್ಯ ಎಂದರು. ಪುಣ್ಯಕ್ಕೆ ಜೀವ ಹೋಗಲಿಲ್ಲ. ಆದರೆ ಯೋಚನೆ ಮಾಡಿ, ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಕಾವಲು, ಗೇಟ್ ಪಾಸ್, ತಪಾಸಣೆ ಎಲ್ಲ ದಾಟಿ ನ್ಯಾಯವಾಗಿಯೇ ಒಳಗಿದ್ದವರ ಕೈ ಅದು. ಹೊರಗಿನ ಬೇಲಿಯನ್ನು ಇನ್ನೂ ಹತ್ತು ಅಡಿ ಎತ್ತರಿಸಿದ್ದರೂ ಅದು ತಪ್ಪುತ್ತಿರಲಿಲ್ಲ. ಇದಕ್ಕೆ ಉತ್ತರ ಬೇರೆ. ಮುಖ್ಯವಾದ ಯಾವ ಜಾಗಕ್ಕೂ ಒಬ್ಬರೇ ಹೋಗಬಾರದು, ಇಬ್ಬರಿರಬೇಕು. ಪರೀಕ್ಷೆಗೆ ತೆಗೆದ ಭಾರಜಲದ ಮಾದರಿ ಬಾಟಲಿಗೂ ಲೆಕ್ಕ ಇರಬೇಕು. ಇನ್ನೊಂದು ಮಾತು ಸೇರಿಸುತ್ತೇನೆ. ಕೆಲಸಗಾರರ ಅಸಮಾಧಾನವನ್ನು ಕಿವಿಗೊಟ್ಟು ಕೇಳುವ ವ್ಯವಸ್ಥೆಯೂ ಕಾವಲಿನ ಭಾಗವೇ. ಗುತ್ತಿಗೆ ಕೆಲಸಗಾರರನ್ನು ಹೊರಗಿನವರಂತೆ ನೋಡುತ್ತಾ ಒಳಗಿನ ಭದ್ರತೆ ಕಟ್ಟಲು ಆಗುವುದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ರಿಯಾಕ್ಟರ್‌ನ ತ್ಯಾಜ್ಯಕ್ಕೆ ಸಿಐಎಸ್‌ಎಫ್ ಇದೆ. ಆಸ್ಪತ್ರೆಯ, ಕಾಲೇಜಿನ, ಕಾರ್ಖಾನೆಯ ಹಳೇ ಸೋರ್ಸ್‌ಗೆ ಯಾರಿದ್ದಾರೆ? ಕ್ಯಾನ್ಸರ್ ಚಿಕಿತ್ಸೆಯ ಕೋಬಾಲ್ಟ್ ಯಂತ್ರ ನಡೆಯುತ್ತಿರುವಾಗ ಅದಕ್ಕೆ ಡಾಕ್ಟರ್ ಇದ್ದಾರೆ, ಫಿಸಿಸಿಸ್ಟ್ ಇದ್ದಾರೆ, ರೋಗಿಗಳ ಸಾಲಿದೆ, ದಿನಾ ಬೀಗ ತೆಗೆದು ಹಾಕುವವರಿದ್ದಾರೆ. ಅದು ಕಾಣೆಯಾದರೆ ಅರ್ಧ ಗಂಟೆಯಲ್ಲಿ ಗದ್ದಲವಾಗುತ್ತದೆ. ಯಂತ್ರ ನಿಂತ ದಿನದಿಂದ ಇದೆಲ್ಲ ಒಂದೊಂದಾಗಿ ಕಳಚುತ್ತದೆ. ವಾಪಸ್ ಕಳಿಸಲು ಖರ್ಚಿದೆ, ಅನುಮತಿ ಪತ್ರಗಳಿವೆ, ಆಮೇಲೆ ನೋಡೋಣ ಎಂದು ಒಂದು ಕೋಣೆಗೆ ಸರಿಸುತ್ತಾರೆ. ಗೊತ್ತಿದ್ದವರು ನಿವೃತ್ತರಾಗುತ್ತಾರೆ. ಕೋಣೆಯಲ್ಲಿ ಉಳಿಯುವುದು ಭಾರವಾದ ಒಂದು ಲೋಹದ ಗುಡ್ಡೆ, ಮತ್ತು ಸೀಸಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆ ಇದೆ.

ಮೆಕ್ಸಿಕೋದ ಹುವಾರೆಸ್‌ನಲ್ಲಿ ಆದದ್ದು ಇದೇ. ಆಸ್ಪತ್ರೆಯೊಂದು 1977ರಲ್ಲಿ ಹಳೇ ಕೋಬಾಲ್ಟ್ ಯಂತ್ರ ತರಿಸಿತು, ನಡೆಸುವವರಿಲ್ಲದೆ ಅದು ಗೋದಾಮಿನಲ್ಲೇ ಉಳಿಯಿತು. 1983ರ ಡಿಸೆಂಬರ್‌ನಲ್ಲಿ ಬಿಚ್ಚಿ ಗುಜರಿಗೆ ಹಾಕಿದರು. ಅದರೊಳಗೆ ಸಾಸಿವೆಕಾಳಿನಷ್ಟು ಸಣ್ಣ ಆರು ಸಾವಿರ ಕೋಬಾಲ್ಟ್ ಗುಳಿಗೆಗಳಿದ್ದವು. ಅವು ಉಕ್ಕಿನ ಕುಲುಮೆ ಸೇರಿ ಕಟ್ಟಡದ ಕಂಬಿ, ಮೇಜಿನ ಕಾಲು ಆಗಿ ಎರಡು ದೇಶಗಳಲ್ಲಿ ಹರಡಿದವು. ಅದು ಗೊತ್ತಾದದ್ದು ಹೇಗೆ ಗೊತ್ತೇ? 1984ರ ಜನವರಿಯಲ್ಲಿ ಕಂಬಿ ತುಂಬಿದ ಲಾರಿಯೊಂದು ದಾರಿ ತಪ್ಪಿ ಲಾಸ್ ಅಲಾಮೋಸ್ ಅಣು ಪ್ರಯೋಗಾಲಯದ ಹತ್ತಿರ ಬಂತು, ಅಲ್ಲಿನ ಡಿಟೆಕ್ಟರ್ ಕೂಗಿತು. ಆ ಚಾಲಕ ಸರಿದಾರಿಯಲ್ಲಿ ಹೋಗಿದ್ದರೆ ಇನ್ನೆಷ್ಟು ಮನೆ ಆ ಕಂಬಿಯಲ್ಲಿ ಏಳುತ್ತಿದ್ದವೋ. ಕಟ್ಟಿದ ನೂರಾರು ಮನೆಗಳನ್ನು ಕೆಡವಬೇಕಾಯಿತು.

ಬ್ರೆಜಿಲ್‌ನ ಗೊಯಾನಿಯಾದ ಹೆಸರು ನಿಮ್ಮಲ್ಲಿ ಕೆಲವರು ಕೇಳಿರುತ್ತೀರಿ. ರೇಡಿಯೋಥೆರಪಿ ಕ್ಲಿನಿಕ್ ಒಂದು 1985ರಲ್ಲಿ ಬೇರೆ ಕಟ್ಟಡಕ್ಕೆ ಹೋಯಿತು, ಸೀಸಿಯಂ ಯಂತ್ರವನ್ನು ಹಳೇ ಕಟ್ಟಡದಲ್ಲೇ ಬಿಟ್ಟಿತು. ಕಟ್ಟಡ ಅರ್ಧ ಕೆಡವಿ ಬಾಗಿಲು ಕಿಟಕಿ ಇಲ್ಲದೆ ನಿಂತಿತ್ತು. 1987ರ ಸೆಪ್ಟೆಂಬರ್ 13ರಂದು ಇಬ್ಬರು ಹೋಗಿ ಯಂತ್ರದ ತಲೆಯನ್ನು ಬಿಚ್ಚಿ ತಂದರು, ಗುಜರಿಯವನಿಗೆ ಮಾರಿದರು. ಒಳಗಿನ ಪುಡಿ ರಾತ್ರಿ ನೀಲಿಯಾಗಿ ಹೊಳೆಯುತ್ತಿತ್ತು. ಚಂದ ಕಂಡಿತು, ನೆಂಟರಿಷ್ಟರಿಗೆಲ್ಲ ಚಿಟಿಕೆ ಚಿಟಿಕೆ ಹಂಚಿದರು. ಮೈಗೆ ಬಳಿದುಕೊಂಡವರಿದ್ದರು. ಆರು ವರ್ಷದ ಹೆಣ್ಣು ಮಗು ಆ ಪುಡಿ ಮೆತ್ತಿದ ಕೈಯಲ್ಲೇ ಊಟ ಮಾಡಿತು. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕಾಯಿಲೆ ಬೀಳುತ್ತಿರುವುದನ್ನು ಕಂಡು ಇದಕ್ಕೆಲ್ಲ ಆ ವಸ್ತುವೇ ಕಾರಣ ಎಂದು ಮೊದಲು ಗುರುತಿಸಿದ್ದು ಗುಜರಿಯವನ ಹೆಂಡತಿ. ಓದಿದವರಲ್ಲ, ಅಧಿಕಾರಿಯಲ್ಲ. ಉಳಿದದ್ದನ್ನು ಚೀಲಕ್ಕೆ ತುಂಬಿಸಿ ಬಸ್ಸಿನಲ್ಲಿ ಆರೋಗ್ಯ ಇಲಾಖೆಯ ಕಚೇರಿಗೆ ತಲುಪಿಸಿದರು. ಆಕೆಯೂ ಬದುಕಲಿಲ್ಲ, ಆ ಮಗುವೂ ಬದುಕಲಿಲ್ಲ. ಒಟ್ಟು ನಾಲ್ಕು ಸಾವು. 1,12,000ಕ್ಕೂ ಹೆಚ್ಚು ಜನರನ್ನು ಪರೀಕ್ಷೆ ಮಾಡಿದರು, 249 ಜನರಲ್ಲಿ ಸೀಸಿಯಂ ಅಂಟಿತ್ತು.

ಇದರಲ್ಲಿ ಒಂದು ಲೆಕ್ಕ ನನ್ನನ್ನು ಬಿಡುವುದೇ ಇಲ್ಲ. ಆ ಪುಡಿಯ ತೂಕ ನೂರು ಗ್ರಾಂ ಕೂಡ ಇರಲಿಲ್ಲ, ಸುಮಾರು 93 ಗ್ರಾಂ. ಊರನ್ನು ತೊಳೆದು, ಮನೆ ಕೆಡವಿ, ಮಣ್ಣು ಕೆರೆದು ಕೂಡಿಸಿದಾಗ ಆದ ತ್ಯಾಜ್ಯ ಸುಮಾರು 3,500 ಘನ ಮೀಟರ್. ಅದಕ್ಕೆಂದೇ ಪಕ್ಕದಲ್ಲಿ ಹೊಸ ಉಗ್ರಾಣ ಕಟ್ಟಿ ಈಗ ಅದನ್ನೂ ಕಾಯುತ್ತಿದ್ದಾರೆ. ಸೀಸಿಯಂ-137ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 30 ವರ್ಷ. ಅಂಥ ಹತ್ತು ಸುತ್ತು ಆಗಬೇಕು, ಹಾಗಾಗಿ ಮುನ್ನೂರು ವರ್ಷದ ಕಾವಲು.

ದೂರದ ದೇಶಗಳ ಕಥೆ ಎಂದು ಹೇಳುವ ಹಾಗಿಲ್ಲ. ದೆಹಲಿಯ ಮಾಯಾಪುರಿ, 2010ರ ಏಪ್ರಿಲ್. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಸುಮಾರು ನಲವತ್ತು ವರ್ಷದ ಹಿಂದೆ ತರಿಸಿದ್ದ ಗಾಮಾ ಸೆಲ್ ಎಂಬ ವಿಕಿರಣ ಯಂತ್ರ ಇತ್ತು, ಒಳಗೆ ಕೋಬಾಲ್ಟ್-60. 1985ರಿಂದ ಯಾರೂ ಬಳಸಿರಲಿಲ್ಲ. ಹಳೇ ಸಾಮಾನಿನ ಜೊತೆ ಅದನ್ನೂ ಹರಾಜು ಹಾಕಿದರು. ಗುಜರಿ ಮಾರುಕಟ್ಟೆಯಲ್ಲಿ ಒಡೆದರು. ಒಬ್ಬ ಅದರ ಸಣ್ಣ ತುಂಡನ್ನು ಪರ್ಸ್‌ನಲ್ಲಿಟ್ಟುಕೊಂಡು ಓಡಾಡಿದ. ಒಬ್ಬ ಕಾರ್ಮಿಕ ಸತ್ತ, ಹಲವರು ಆಸ್ಪತ್ರೆ ಸೇರಿದರು. ಇಲ್ಲೂ ಮೊದಲು ಗುರುತಿಸಿದ್ದು ಆಸ್ಪತ್ರೆಯವರೇ.

ವಿದ್ಯಾರ್ಥಿಗಳು ಒಂದು ಗಣಿತ ಮಾಡಿ ನೋಡಿ. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ನಲವತ್ತು ವರ್ಷದಲ್ಲಿ ಅದು ಏಳೂವರೆ ಬಾರಿ ಅರ್ಧವಾಗುತ್ತದೆ. ಉಳಿಯುವುದು ಹೆಚ್ಚುಕಡಿಮೆ ಇನ್ನೂರರಲ್ಲಿ ಒಂದು ಪಾಲು. ಆ ಒಂದು ಪಾಲು ಮನುಷ್ಯನನ್ನು ಕೊಂದಿತು. "ಹಳೇದಲ್ವಾ, ಅದರಲ್ಲಿ ಏನೂ ಉಳಿದಿರಲ್ಲ ಬಿಡಿ" ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ.

ಸಾಗಿಸುವಾಗಿನ ಕಾವಲೂ ಇದೆ. ವಾಪಸ್ ಕಳಿಸಿಬಿಟ್ಟರೆ ಮುಗಿಯಿತು ಅನ್ನುವಂತಿಲ್ಲ. 2013ರ ಡಿಸೆಂಬರ್‌ನಲ್ಲಿ ಮೆಕ್ಸಿಕೋದ ಟಿಹುವಾನಾ ನಗರದ ಆಸ್ಪತ್ರೆಯಿಂದ ಹಳೇ ಕೋಬಾಲ್ಟ್ ಸೋರ್ಸ್ ತ್ಯಾಜ್ಯ ಕೇಂದ್ರಕ್ಕೆ ಹೊರಟಿತ್ತು. ದಾರಿಯಲ್ಲಿ ಪೆಟ್ರೋಲ್ ಬಂಕ್ ಹತ್ತಿರ ಲಾರಿ ನಿಲ್ಲಿಸಿ ಚಾಲಕ ಮಲಗಿದ್ದಾಗ ಬಂದೂಕು ತೋರಿಸಿ ಲಾರಿ ಕದ್ದರು. ಕಳ್ಳರಿಗೆ ಬೇಕಿದ್ದದ್ದು ಲಾರಿ. ಎರಡು ದಿನದ ಮೇಲೆ ಸೋರ್ಸ್ ಹೊಲವೊಂದರಲ್ಲಿ ಸಿಕ್ಕಿತು, ಸೀಸದ ಹೊದಿಕೆಯಿಂದ ಹೊರಗೆ.

ಬೇಕೆಂದೇ ಕದಿಯುವವರೂ ಇರಬಹುದು. 1995ರಲ್ಲಿ ಚೆಚೆನ್ ಪ್ರತ್ಯೇಕತಾವಾದಿಗಳು ಮಾಸ್ಕೋದ ಇಜ್ಮೈಲೊವೊ ಪಾರ್ಕಿನಲ್ಲಿ ಸೀಸಿಯಂ ಹೂತಿಟ್ಟು ಟಿವಿಯವರಿಗೆ ತಾವೇ ಹೇಳಿದರು. ಹೆದರಿಸಲು ಅಷ್ಟೇ ಸಾಕಾಯಿತು. ಸಾಮಾನ್ಯ ಸ್ಫೋಟಕದ ಜೊತೆ ಇಂಥ ವಸ್ತು ಸೇರಿಸಿ ಹರಡುವುದಕ್ಕೆ ಡರ್ಟಿ ಬಾಂಬ್ ಎನ್ನುತ್ತಾರೆ. ಅದರಿಂದ ಸಾಯುವವರಿಗಿಂತ ಊರು ಬಿಡಬೇಕಾದವರು ಜಾಸ್ತಿ. ಗೊಯಾನಿಯಾದಲ್ಲಿ ಬಾಂಬೂ ಇರಲಿಲ್ಲ, ದ್ವೇಷವೂ ಇರಲಿಲ್ಲ, ಆದರೂ ಅಷ್ಟಾಯಿತು. ನೀರಿನಲ್ಲಿ ಕರಗುವ ಸೀಸಿಯಂ ಕ್ಲೋರೈಡ್ ಪುಡಿಯನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಕು ಎಂದು ತಜ್ಞರು ಒತ್ತಾಯಿಸುವುದು ಇದಕ್ಕೇ. ರೋಗಿಗಳಿಗೆ ಕೊಡುವ ರಕ್ತಕ್ಕೆ ವಿಕಿರಣ ಹಾಯಿಸಲು ನಾರ್ವೆ, ಫ್ರಾನ್ಸ್ ದೇಶಗಳು ಸೀಸಿಯಂ ಬಿಟ್ಟು ಎಕ್ಸ್‌ರೇ ಯಂತ್ರಕ್ಕೆ ಬದಲಾಗಿವೆ. ಸ್ವಿಚ್ ಆರಿಸಿದರೆ ಅದರಲ್ಲಿ ಕದಿಯಲು ಏನೂ ಇಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ವಿದ್ಯುತ್ತಿನಿಂದ ವಿಕಿರಣ ತಯಾರಿಸುವ ಲೀನಿಯರ್ ಆಕ್ಸಲರೇಟರ್ ಕೂಡ ಹಾಗೇ. ಆದರೆ ಹೊಸ ಯಂತ್ರ ಬಂದ ದಿನವೇ ಹಳೇ ಸೋರ್ಸ್ ಮೂಲೆಗೆ ಬೀಳುತ್ತದೆ. ಹೊಸದರ ಟೆಂಡರ್‌ನಲ್ಲೇ ಹಳೇದನ್ನು ವಾಪಸ್ ಕಳಿಸುವ ಖರ್ಚನ್ನೂ ಸೇರಿಸಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಇನ್ನು ರಿಯಾಕ್ಟರ್‌ನಲ್ಲಿ ಉರಿದ ಇಂಧನದ ವಿಷಯ. ರಿಯಾಕ್ಟರ್‌ನಿಂದ ಆಗತಾನೆ ತೆಗೆದ ಇಂಧನದ ಹತ್ತಿರ ಹೋದವನು ಬದುಕುವುದಿಲ್ಲ. ಅದು ತನ್ನನ್ನು ತಾನೇ ಕಾಯುತ್ತದೆ ಎನ್ನುತ್ತಾರೆ. ಸೀವರ್ಟ್ ಅಂದರೆ ಮೈಗೆ ತಗಲುವ ವಿಕಿರಣದ ಅಳತೆ. ಒಂದು ಮೀಟರ್ ದೂರದಲ್ಲಿ ಗಂಟೆಗೆ ಒಂದು ಸೀವರ್ಟ್‌ಗಿಂತ ಜಾಸ್ತಿ ವಿಕಿರಣ ಇದ್ದರೆ ಈ ಗುಂಪಿಗೆ ಸೇರುತ್ತದೆ. ಆದರೆ ಆ ವಿಕಿರಣದ ದೊಡ್ಡ ಪಾಲು ಸೀಸಿಯಂನಂಥವುಗಳದ್ದು, ವರ್ಷ ಕಳೆದಂತೆ ಇಳಿಯುತ್ತದೆ. ಬಾಂಬಿಗೆ ಬಳಸಬಹುದಾದ ಒಳಗಿನ ಪ್ಲುಟೋನಿಯಂ ಸಾವಿರಾರು ವರ್ಷ ಹಾಗೇ ಇರುತ್ತದೆ. ಅಂದರೆ ಹಳೇದಾದಷ್ಟೂ ಮುಟ್ಟಲು ಸುಲಭ, ಹಳೇದಾದಷ್ಟೂ ಕಾವಲು ಹೆಚ್ಚು ಬೇಕು. ಕೈಗಾದಂಥ ನಮ್ಮ 220 ಮೆಗಾವ್ಯಾಟ್ ರಿಯಾಕ್ಟರ್‌ಗಳ ಇಂಧನದ ಕಟ್ಟು ಒಂದು ಮೊಳಕ್ಕಿಂತ ಸ್ವಲ್ಪ ಉದ್ದ, ಸುಮಾರು ಹದಿನಾರು ಕಿಲೋ ತೂಕ. ಬೇರೆ ಕಡೆಯ ಲಘುಜಲ ರಿಯಾಕ್ಟರ್‌ಗಳಲ್ಲಿ ಒಂದೊಂದು ಜೋಡಣೆಯೂ ನಾಲ್ಕು ಮೀಟರ್ ಉದ್ದ ಇರುತ್ತದೆ, ಎತ್ತಲು ಕ್ರೇನೇ ಬೇಕು. ನಮ್ಮದರಲ್ಲಿ ಒಂದೊಂದು ಕಟ್ಟಿಗೂ ಸಂಖ್ಯೆ, ಲೆಕ್ಕ, ಸೀಲ್ ಇನ್ನೂ ಬಿಗಿಯಾಗಿರಬೇಕು. ಹೆಚ್ಚು ವಿಕಿರಣದ ದ್ರವ ತ್ಯಾಜ್ಯವನ್ನು ಗಾಜಿನೊಳಗೆ ಸೇರಿಸಿ ಗಟ್ಟಿ ಮಾಡುವ ನಮ್ಮ ಪದ್ಧತಿ ಕಾವಲಿನ ದೃಷ್ಟಿಯಿಂದಲೂ ಒಳ್ಳೆಯದು. ಗಾಜಿನ ಗಟ್ಟಿಯನ್ನು ಪುಡಿಯಂತೆ ಹರಡಲು ಆಗುವುದಿಲ್ಲ. ತಾರಾಪುರದಲ್ಲಿ ಅದರ ಡಬ್ಬಿಗಳನ್ನು ಗಾಳಿಯಲ್ಲಿ ತಣ್ಣಗಾಗಿಸುತ್ತಾ ದಶಕಗಟ್ಟಲೆ ನಿಗಾದಲ್ಲಿ ಇಡುತ್ತಾರೆ.

ಕೇಳಿದ ಪ್ರಶ್ನೆಗಳು.

ಕೋಲಾರದ ಕಡೆಯವರೊಬ್ಬರು ಕೆಜಿಎಫ್ ಬಗ್ಗೆ ಕೇಳಿದರು. 2012ರಲ್ಲಿ ಕೂಡಂಕುಳಂ ಅಣು ಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟ್‌ನಲ್ಲಿದ್ದಾಗ ಚಿನ್ನದ ಗಣಿಗೆ ಅಣುತ್ಯಾಜ್ಯ ತರುತ್ತಾರೆ ಎಂಬ ಮಾತು ಬಂತು, ಜನ ಬೀದಿಗಿಳಿದರು, ಅಂಥ ಯೋಜನೆ ಇಲ್ಲ ಎಂದು ಸರ್ಕಾರದ ಕಡೆಯವರು ಹೇಳಿದರು. ಅದಕ್ಕೂ ಹಿಂದೆ ಅಲ್ಲಿ ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ, ಬಂಡೆ ಬಿಸಿಯನ್ನು ಹೇಗೆ ತಡೆದುಕೊಳ್ಳುತ್ತದೆ ಎಂಬ ಪ್ರಯೋಗ ನಡೆದಿತ್ತು. ಜನರ ಸಿಟ್ಟು ನ್ಯಾಯವಾದದ್ದು, ಯಾಕೆಂದರೆ ವಿಷಯ ಅವರಿಗೆ ತಿಳಿದದ್ದು ಕೋರ್ಟಿನ ಸುದ್ದಿಯಿಂದ. ಆಳದಲ್ಲಿ ಹೂಳುವುದು ಕಾವಲಿನ ದೃಷ್ಟಿಯಿಂದ ಗಟ್ಟಿಯಾದ ದಾರಿ ಹೌದು. ಆದರೆ ನೂರಾರು ಕಿಲೋಮೀಟರ್ ಸುರಂಗ, ಹಳೇ ಬಾವಿಗಳು, ಜನ ಇಂದಿಗೂ ಗಣಿ ತ್ಯಾಜ್ಯದ ಗುಡ್ಡದ ಪಕ್ಕ ಬದುಕುವ ಊರು, ಇದು ಅದಕ್ಕೆ ತಕ್ಕ ಜಾಗ ಅಲ್ಲ ಎಂದೇ ನನಗೂ ಅನಿಸುತ್ತದೆ.

ಎಲ್ಲ ಗುಟ್ಟಾಗಿ ಇಟ್ಟರೆ ಜನ ನಂಬುವುದು ಹೇಗೆ ಎಂದು ಇನ್ನೊಬ್ಬರು ಕೇಳಿದರು. ಅಲಾರಂ ಎಲ್ಲಿದೆ, ಕಾವಲು ಯಾವಾಗ ಬದಲಾಗುತ್ತದೆ ಎನ್ನುವುದು ಗುಟ್ಟಾಗಿರಲಿ. ಎಷ್ಟು ಸೋರ್ಸ್ ಬಳಕೆ ನಿಂತು ಬಿದ್ದಿವೆ, ಎಷ್ಟು ಕಾಣೆಯಾದವು, ಎಷ್ಟು ಸಿಕ್ಕವು ಎನ್ನುವ ಲೆಕ್ಕ ಬಯಲಲ್ಲಿರಲಿ. ಈ ಎರಡನ್ನು ಕಲಸಿ ಎಲ್ಲದಕ್ಕೂ "ಭದ್ರತೆ" ಎಂದು ಬೀಗ ಹಾಕುವುದು ತಪ್ಪು.

ಕಾಲೇಜೊಂದರ ಉಪನ್ಯಾಸಕಿ, ತಮ್ಮ ಲ್ಯಾಬಿನ ಹಳೇ ಕಪಾಟಿನಲ್ಲಿ ಏನಿದೆ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ, ಏನು ಮಾಡಲಿ ಎಂದರು. ಅವರು ಕೇಳಿದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಮೊದಲು ಹಳೇ ಸ್ಟಾಕ್ ರಿಜಿಸ್ಟರ್ ತೆಗೆಯಿರಿ. ವಿಭಾಗದಿಂದ ನಿವೃತ್ತರಾದವರಿಗೆ ಫೋನ್ ಮಾಡಿ, ಅವರು ಇರುವಾಗಲೇ. ಡಬ್ಬಿಗಳನ್ನು ನೀವೇ ಬಿಚ್ಚಬೇಡಿ. ಅಣುಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿಗೆ ಬರೆಯಿರಿ, ಪರವಾನಗಿ ಮತ್ತು ವಾಪಸ್ ಕಳಿಸುವ ದಾರಿ ಅವರೇ ಹೇಳುತ್ತಾರೆ. ವಿಲೇವಾರಿ ಆಗುವವರೆಗೆ ಆ ಕೋಣೆಯ ಕೀಲಿ ಒಬ್ಬರ ಹೆಸರಿನಲ್ಲಿರಲಿ, ತಿಂಗಳಿಗೊಮ್ಮೆ ನೋಡಿ ಸಹಿ ಹಾಕಲಿ. ಅವರು ವರ್ಗವಾದರೆ ಚಾರ್ಜ್ ಪಟ್ಟಿಯಲ್ಲಿ ಅದೂ ಬರಲಿ.

ಗುಜರಿ ಅಂಗಡಿ ನಡೆಸುವವರ ಮಗ ಒಬ್ಬ ಬಂದಿದ್ದ, ಪಿಯುಸಿ ಓದುವ ಹುಡುಗ. ಅಂಗಡಿಗೆ ಬಂದರೆ ಗುರುತಿಸುವುದು ಹೇಗೆ ಸರ್ ಎಂದ. ಹಳದಿ ಮೇಲೆ ಮೂರು ಎಸಳಿನ ಗುರುತು ಇರುತ್ತದೆ. 2007ರಲ್ಲಿ ಬಂದ ಹೊಸ ಗುರುತಿನಲ್ಲಿ ಕೆಂಪು ತ್ರಿಕೋನದೊಳಗೆ ತಲೆಬುರುಡೆ ಮತ್ತು ಓಡುವ ಮನುಷ್ಯ ಇರುತ್ತಾರೆ. ಗುರುತು ಅಳಿಸಿಯೂ ಇರಬಹುದು. ಗಾತ್ರಕ್ಕೆ ಮೀರಿದ ಭಾರ ಇದ್ದರೆ, ಒಳಗೆ ಸೀಸ ಕಂಡರೆ, ಆಸ್ಪತ್ರೆ ಅಥವಾ ಲ್ಯಾಬಿನಿಂದ ಬಂದದ್ದಾದರೆ ಕತ್ತರಿಸಬೇಡಿ. ಎಲ್ಲರೂ ದೂರ ಹೋಗಿ, 112ಕ್ಕೆ ಫೋನ್ ಮಾಡಿ, ರೇಡಿಯೇಷನ್ ಇರಬಹುದು ಎಂದು ಬಾಯಿಬಿಟ್ಟು ಹೇಳಿ. ಯಾರು ತಂದುಕೊಟ್ಟರು ಎನ್ನುವುದನ್ನು ಬರೆದಿಟ್ಟುಕೊಳ್ಳಿ. ಆ ಹುಡುಗ ಎರಡೂ ಗುರುತುಗಳ ಫೋಟೊ ತೆಗೆದುಕೊಂಡ. ಅಂಗಡಿಯ ತೂಕದ ಯಂತ್ರದ ಮೇಲಿನ ಗೋಡೆಗೆ ಅಂಟಿಸುತ್ತೇನೆ ಎಂದ.